ಪೆಟ್ರೋಲ್ ಕಾಕ್, ಚಾವಿ, ಕಿಲ್ ಸ್ವಿಚ್: ಗಾಡಿ 'ಬಂದ್' ಅಂದ್ರ ಏನೇನು ಬಂದ್ ಆತು?

ಅಣ್ಣಿಗೇರಿ ಹಾದಿ ಬರೆದದ್ದು:

ಕಾರ್ಬುರೇಟರ್ ಇರೂ ಹಳೆ 100 ಸಿಸಿ ಗಾಡಿ. ಟ್ಯಾಂಕಿನ ತಳದಾಗ ಪೆಟ್ರೋಲ್ ಬಿಡೂ, ಬಂದ್ ಮಾಡೂ ಕಾಕಿನ ಮ್ಯಾಲಿನ ಅಕ್ಷರ ಪೂರ್ತಿ ಸವದಾವ, ಹಿಡಿಕಿ ಎತ್ಲಾಗ ಇದ್ರ ಆನ್, ಎತ್ಲಾಗ ಇದ್ರ ರಿಸರ್ವ್ ಅಂತ ಗೊತ್ತಾಗೂದಿಲ್ಲ. ಊರಾಗ ಓಡಿಸಿದ್ರ ಏನೂ ತಕರಾರಿಲ್ಲ. ಹೈವೇ ಮ್ಯಾಲೆ ಹುಬ್ಬಳ್ಳಿ ಕಡೆ 60ರ ವೇಗದಾಗ ಹೊಂಟ್ರ ಆರೇಳು ಕಿಲೋಮೀಟರಿಗೆ ಎಂಜಿನ್ ದಮ್ ಕಳಕೊಂಡು ನಿಲ್ತದ. ಎರಡು ನಿಮಿಷ ನಿಂದರಿಸಿ ಕಿಕ್ ಹೊಡದ್ರ ಮತ್ತ ಚಾಲೂ. ಟ್ಯಾಂಕ್ ಅರ್ಧ ತುಂಬೇದ. ಪ್ಲಗ್ ಹೊಸಾದು.

ಇನ್ನೊಂದು. ಚಾವಿ ತೂತಿನ ಸುತ್ತ ಆಫ್, ಆನ್, ಲಾಕ್ ಬಿಟ್ಟು 'ಪಿ' ಅಂತ ಒಂದು ಐತಿ. ಅದು ಯಾಕ? ರಾತ್ರಿ ನಿಲ್ಲಿಸುವಾಗ ಕಾಕ್ ಬಂದ್ ಮಾಡಬೇಕೋ, ಚಾವಿ ತಗದ್ರ ಸಾಕೋ?

ಉಣಕಲ್ ಪಾನಾ:

ಮೊದಲು ಒಂದು ಮಾತು ತಲ್ಯಾಗ ಇಟ್ಕೋರಿ, ಉಳಿದದ್ದೆಲ್ಲ ತಾನಾಗೇ ಬಿಡಿಸ್ಕೋತದ. ಗಾಡಿ ಬಂದ್ ಅಂತ ನಾವು ಒಂದ ಶಬ್ದ ಹೇಳ್ತೇವಿ, ಆದರ ಬಂದ್ ಮೂರು ಥರಾ ಅದಾವ. ಪೆಟ್ರೋಲ್ ಬಂದ್, ಕಿಡಿ ಬಂದ್, ಬ್ಯಾಟರಿ ಕರೆಂಟ್ ಬಂದ್. ಕಾಕ್ ಮೊದಲನೇದ್ದಕ್ಕ ಮಾತ್ರ. ಹ್ಯಾಂಡಲ್ ಮ್ಯಾಲಿನ ಕೆಂಪು ಕಿಲ್ ಸ್ವಿಚ್ ಎರಡನೇದ್ದಕ್ಕ. ಚಾವಿ ಎರಡನೇದು, ಮೂರನೇದು ಎರಡನ್ನೂ ಮಾಡ್ತದ, ಪೆಟ್ರೋಲಿಗೆ ಅದರ ಸಂಬಂಧ ಇಲ್ಲ. ಕಾರ್ಬುರೇಟರ್ ಗಾಡಿ ಚಾವಿ ತಗದು ಕಿಸೇದಾಗ ಹಾಕ್ಕೊಂಡ್ರೂ ಟ್ಯಾಂಕಿನಿಂದ ಕಾರ್ಬುರೇಟರಿಗೆ ಪೆಟ್ರೋಲ್ ಹಾದಿ ತೆರದ ಇರ್ತದ.

ಈಗ ಕಾಕಿನ ಒಳಗ ಏನೈತಿ ನೋಡ್ರಿ. ರಿಸರ್ವ್ ಅಂದ್ರ ಬ್ಯಾರೆ ಟ್ಯಾಂಕ್ ಅಂತ ಭಾಳ ಮಂದಿ ತಿಳಕೊಂಡಾರ, ಅಲ್ಲ. ಟ್ಯಾಂಕಿನ ತಳದಾಗ ಕಾಕ್ ಕುಂತಿರ್ತದ. ಅದರ ತಲಿಯಿಂದ ಟ್ಯಾಂಕಿನೊಳಗ ಒಂದು ಸಣ್ಣ ಕೊಳವಿ ನೆಟ್ಟಗ ಎದ್ದಿರ್ತದ. ಆನ್ ಹಾದಿ ಆ ಕೊಳವಿ ತುದಿಯಿಂದ ಪೆಟ್ರೋಲ್ ತಗೋತದ. ರಿಸರ್ವ್ ಹಾದಿಗೆ ಕೊಳವಿ ಇಲ್ಲ, ಬುಡದಾಗಿನ ತೂತು. ಪೆಟ್ರೋಲ್ ಮಟ್ಟ ಕೊಳವಿ ತುದಿಗಿಂತ ಕೆಳಗ ಇಳೀತು ಅಂದ್ರ ಆನ್‌ದಾಗ ಬರೂದು ನಿಲ್ತದ, ಬುಡದಾಗ ಇನ್ನೂ ಒಂದೆರಡು ಲೀಟರ್ ಉಳಿದಿರ್ತದ. ಅದ ರಿಸರ್ವ್. ಎಷ್ಟು ಅನ್ನೂದು ಟ್ಯಾಂಕಿನ ಆಕಾರ, ಕೊಳವಿ ಎತ್ತರದ ಮ್ಯಾಲೆ ಐತಿ, ನಿಮ್ಮ ಗಾಡಿ ಕೈಪಿಡಿಯಾಗ ಬರದಿರ್ತಾರ.

ಹಿಡಿಕಿ ತಿರುಗಿಸಿದಾಗ ಒಳಗ ತಿರುಗೂದು ತೂತಿರೂ ಒಂದು ಬಿಲ್ಲಿ. ಅದರ ಎದುರಿಗೆ ನಾಕು ತೂತಿನ ರಬ್ಬರ್. ಯಾವ ತೂತು ಯಾವುದಕ್ಕ ಕೂಡ್ತದೋ ಆ ಹಾದಿ ತೆರೀತದ, ಯಾವುದೂ ಕೂಡಲಿಲ್ಲ ಅಂದ್ರ ಬಂದ್.

ಅಕ್ಷರ ಇಲ್ಲಂದ್ರ ಊಹೆ ಮಾಡಬ್ಯಾಡ್ರಿ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಗಾಳಿ ಆಡೂ ಬಯಲಾಗ, ಒಲಿ, ಬೀಡಿ, ದೇವರ ದೀಪ ಯಾವುದೂ ಸನೇದಾಗ ಇರಬಾರದು. ಕಾರ್ಬುರೇಟರ್ ಕಡೆ ಪೈಪಿನ ಕ್ಲಿಪ್ ಪಕ್ಕಡ್‌ದಿಂದ ಹಿಂಡಿ ಸರಿಸಿ, ಪೈಪ್ ತಗದು ಬಾಟ್ಲ್ಯಾಗ ಬಿಡ್ರಿ. ಹಿಡಿಕಿ ಒಂದೊಂದು ಕಡೆ ತಿರುಗಿಸಿ ನೋಡ್ರಿ. ಒಂದರಾಗ ಹನಿ ಸುದ್ದಾ ಬರಬಾರದು, ಅದು ಆಫ್. ಉಳಿದ ಎರಡರಾಗ ಆನ್ ಯಾವುದು ಅಂತ ತಿಳಿಯೂದು ಟ್ಯಾಂಕ್ ಖಾಲಿ ಆಗುತ್ತ ಬಂದಾಗ. ಎರಡರಾಗ ಯಾವುದು ಮೊದಲು ನಿಲ್ತದೋ ಅದು ಆನ್. ಬಿಳಿ ಪೇಂಟಿನಿಂದ ಅಲ್ಲೇ ಗುರುತು ಹಚ್ಚಿ ಬಿಡ್ರಿ. ಜಪಾನ್ ಮಾದರಿ ಗಾಡಿಗಳಾಗ ಸಾಮಾನ್ಯವಾಗಿ ಹಿಡಿಕಿ ಕೆಳಗ ಇದ್ರ ಆನ್, ಮ್ಯಾಲೆ ಇದ್ರ ರಿಸರ್ವ್, ಅಡ್ಡ ಇದ್ರ ಆಫ್. ಆದರ ಬದಲಿ ಕಾಕ್ ಹಾಕಿದ ಗಾಡ್ಯಾಗ ಇದನ್ನ ನಂಬಬ್ಯಾಡ್ರಿ.

ಗದಗ ಬಿಸಿಲು:

ಪಾನಾ ಅವರ ಬಾಟಲಿ ಪರೀಕ್ಷೆಗೆ ಅಳತೆ ಸೇರಿಸಿದರೆ ರೋಗವೂ ಸಿಗುತ್ತದೆ. ಲೆಕ್ಕ ಹೀಗಿದೆ. ಲೀಟರಿಗೆ 60 ಕಿ.ಮೀ. ಕೊಡುವ ಗಾಡಿ ಗಂಟೆಗೆ 60ರಂತೆ ಓಡಿದರೆ ಗಂಟೆಗೆ 1 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 17 ಮಿ.ಲೀ. ಬೇಕು. ಅಷ್ಟೇ. ಆದ್ದರಿಂದ ಕಾಕ್ ಅರ್ಧ ಕಟ್ಟಿದ್ದರೂ ಊರೊಳಗೆ ಗೊತ್ತಾಗುವುದಿಲ್ಲ. ಗದಗದ ಪೇಟೆಯಲ್ಲಿ 20–30ರ ವೇಗದಲ್ಲಿ ಹೋಗುವಾಗ ಬರುವ ಪೆಟ್ರೋಲು ಸಾಕಾಗುತ್ತದೆ. ಹೈವೇಗೆ ಏರಿದ ಮೇಲೆ ಕಾರ್ಬುರೇಟರಿನ ಬಟ್ಟಲಲ್ಲಿ ಇದ್ದ ಕೆಲವು ಚಮಚ ಪೆಟ್ರೋಲು ಕರಗುತ್ತಾ ಹೋಗಿ ಕೆಲವು ನಿಮಿಷಕ್ಕೆ ಮುಗಿಯುತ್ತದೆ. ನಿಂತಾಗ ಬಟ್ಟಲು ನಿಧಾನವಾಗಿ ಮತ್ತೆ ತುಂಬುತ್ತದೆ, ಅದಕ್ಕೇ ಎರಡು ನಿಮಿಷ ಬಿಟ್ಟು ಚಾಲೂ ಆಗುವುದು. ನಿಮ್ಮ ಲಕ್ಷಣ ಪೂರ್ತಿ ಇದೇ.

ಹೀಗೆ ಆಗಲು ಕಾರಣ ಎರಡರಲ್ಲಿ ಒಂದು. ಕಾಕಿನ ಜಾಲರಿ ಕಟ್ಟಿರಬೇಕು, ಇಲ್ಲವೇ ಟ್ಯಾಂಕಿನ ಮುಚ್ಚಳದ ಗಾಳಿ ತೂತು ಕಟ್ಟಿರಬೇಕು. ಪೆಟ್ರೋಲು ಇಳಿದಷ್ಟು ಗಾಳಿ ಒಳಗೆ ಬರದಿದ್ದರೆ ಟ್ಯಾಂಕಿನಲ್ಲಿ ಎಳೆತ ಹುಟ್ಟಿ ಪೆಟ್ರೋಲು ಇಳಿಯುವುದೇ ಇಲ್ಲ. ಎರಡನ್ನೂ ಬೇರೆ ಮಾಡುವುದು ಸುಲಭ. ಔಷಧಿ ಅಂಗಡಿಯ 20 ಮಿ.ಲೀ. ಸಿರಿಂಜಿನಿಂದ ಬಾಟಲಿಗೆ ನೀರು ಹಾಕುತ್ತ ಹೋಗಿ ಗುರುತು ಮಾಡಿಕೊಳ್ಳಿ, ಬಾಟಲಿ ಒಣಗಿಸಿ. ನಾಲ್ಕು ಅಳತೆ ತೆಗೆಯಿರಿ, ಒಂದೊಂದೂ ಸರಿಯಾಗಿ ಒಂದು ನಿಮಿಷ:

ಆನ್, ಮುಚ್ಚಳ ಹಾಕಿ. ಆನ್, ಮುಚ್ಚಳ ತೆರೆದು. ರಿಸರ್ವ್, ಮುಚ್ಚಳ ಹಾಕಿ. ರಿಸರ್ವ್, ಮುಚ್ಚಳ ತೆರೆದು.

ಮುಚ್ಚಳ ತೆರೆದೊಡನೆ ಧಾರೆ ಜೋರಾದರೆ, ಅಥವಾ ತೆರೆಯುವಾಗ 'ಹುಸ್' ಎಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ತಪ್ಪು. ಮುಚ್ಚಳ ಹೇಗಿದ್ದರೂ ಆನ್ ಸೋರಿದಂತೆ ಬಂದು ರಿಸರ್ವ್ ಜೋರಾಗಿ ಬಂದರೆ ಆನ್ ಕೊಳವೆಯ ಜಾಲರಿ. ಎರಡೂ ಕಡಿಮೆ ಬಂದರೆ ಕಾಕಿನ ಕೆಳಗಿನ ಕಸದ ಬಟ್ಟಲು ಅಥವಾ ಪೈಪು. ನಿಮಿಷಕ್ಕೆ 100 ಮಿ.ಲೀ. ಮೇಲೆ ಬಂದರೆ ಈ ಗಾಡಿಗೆ ಧಾರಾಳ.

ಒಂದು ಎಚ್ಚರ. ಮುಚ್ಚಳದ ತೂತು ಕಟ್ಟಿದ್ದರೂ ಮೊದಲ ನಿಮಿಷ ಧಾರೆ ಚೆನ್ನಾಗಿಯೇ ಬರಬಹುದು, ಟ್ಯಾಂಕಿನ ಖಾಲಿ ಜಾಗದ ಗಾಳಿ ಸ್ವಲ್ಪ ಹಿಗ್ಗುತ್ತದೆ. ಸಂಶಯ ಇದ್ದರೆ ಮುಚ್ಚಳ ಹಾಕಿದ ಅಳತೆಯನ್ನು ಐದು ನಿಮಿಷ ಮುಂದುವರಿಸಿ.

ನವನಗರ ತಂತಿ:

ಚಾವಿ ವಿಷಯ ನಾನು ಹೇಳುವೆ.

'ಪಿ' ಅಂದರೆ ಪಾರ್ಕಿಂಗ್. ಕತ್ತಲ ರಸ್ತೆಯ ಬದಿಯಲ್ಲಿ ನಿಲ್ಲಿಸಿದ ಗಾಡಿ ಹಿಂದಿನಿಂದ ಬರುವವರಿಗೆ ಕಾಣಲಿ ಎಂದು ಹ್ಯಾಂಡಲ್ ಲಾಕ್ ಮಾಡಿ, ಚಾವಿ ತೆಗೆದ ಮೇಲೂ ಟೇಲ್ ಲೈಟ್ ಮತ್ತು ಮುಂದಿನ ಸಣ್ಣ ದೀಪ ಉರಿಯುವ ಸ್ಥಾನ. ಲಾಕ್ ದಾಟಿ ಇನ್ನೊಂದು ಮೆಟ್ಟಿಲು ತಿರುಗಿಸಿದರೆ ಬರುತ್ತದೆ. ಅವಸರದಲ್ಲಿ ಲಾಕ್ ಮಾಡುವಾಗ ಕೈ ಒಂದು ಮೆಟ್ಟಿಲು ಮುಂದೆ ಹೋಗುತ್ತದೆ, ಹಗಲು ಬೆಳಕಲ್ಲಿ ಬಲ್ಬು ಉರಿಯುವುದು ಕಾಣುವುದಿಲ್ಲ. ಪರಿಣಾಮ: 5 ವ್ಯಾಟಿನ ಎರಡು ಬಲ್ಬು ಸೇರಿ 10 ವ್ಯಾಟ್, 12 ವೋಲ್ಟಿನಲ್ಲಿ 0.83 ಆಂಪಿಯರ್. ಕಿಕ್ ಗಾಡಿಯ 2.5 ಆಂಪಿಯರ್-ಗಂಟೆಯ ಬ್ಯಾಟರಿ ಮೂರು ಗಂಟೆಯಲ್ಲಿ ಬರಿದು. ದೊಡ್ಡ ಗಾಡಿಯ 9 ಆಂಪಿಯರ್-ಗಂಟೆಯದಾದರೂ ಬೆಳಗಾಗುವಷ್ಟರಲ್ಲಿ ಸೆಲ್ಫ್ ಎಳೆಯುವುದಿಲ್ಲ. ಹುಬ್ಬಳ್ಳಿ ನಿಲ್ದಾಣದ ಹತ್ತಿರ ಗಾಡಿ ಬಿಟ್ಟು ರೈಲು ಹಿಡಿಯುವವರು ಚಾವಿ ತೆಗೆದ ಮೇಲೆ ಒಮ್ಮೆ ಹಿಂದೆ ಹೋಗಿ ಟೇಲ್ ಲೈಟಿಗೆ ಅಂಗೈ ಮರೆ ಮಾಡಿ ನೋಡಿ.

ಇನ್ನು ಆಫ್ ಮತ್ತು ಆನ್. ಇಲ್ಲಿ ಎರಡು ಜಾತಿ ಇವೆ, ಇದನ್ನು ತಿಳಿಯದೆ ವೈರಿಂಗಿಗೆ ಕೈ ಹಾಕಬಾರದು.

ಸಿಡಿಐ ಅಂದರೆ ಪ್ಲಗ್ಗಿಗೆ ಕಿಡಿ ಕೊಡುವ ಪೆಟ್ಟಿಗೆ. ಹಳೆಯ ಕಿಕ್ ಗಾಡಿಗಳಲ್ಲಿ ಇರುವುದು ಎಸಿ ಸಿಡಿಐ. ಕಿಡಿಗೆ ಬೇಕಾದ ಕರೆಂಟು ಮ್ಯಾಗ್ನೆಟಿನ ಸುರುಳಿಯಿಂದಲೇ ನೇರ ಬರುತ್ತದೆ, ಬ್ಯಾಟರಿ ಬೇಡ. ಇದನ್ನು ನಿಲ್ಲಿಸುವುದು ಹೇಗೆ? ಚಾವಿ ಆಫ್ ಆದಾಗ ಸ್ವಿಚ್ ಆ ಕರೆಂಟನ್ನು ಚಾಸಿಗೆ ಅರ್ತ್ ಮಾಡುತ್ತದೆ. ಅಂದರೆ ಆಫ್ ಸ್ಥಾನದಲ್ಲಿ ತಂತಿಗಳು ಕೂಡುತ್ತವೆ, ಆನ್‌ನಲ್ಲಿ ಬಿಡುತ್ತವೆ. ಹೋಂಡಾ ಮಾದರಿಯ ವೈರಿಂಗಿನಲ್ಲಿ ಕಪ್ಪು-ಬಿಳಿ ಗೆರೆಯ ತಂತಿ ಸಿಡಿಐಯದು, ಹಸಿರು ಅರ್ತ್. ಕೆಂಪು ಬ್ಯಾಟರಿಯಿಂದ ಬರುವುದು, ಕಪ್ಪು ಸ್ವಿಚ್ ದಾಟಿ ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟಿಗೆ ಹೋಗುವುದು. ಕೆಂಪು ಮತ್ತು ಕಪ್ಪು ಆನ್‌ನಲ್ಲಿ ಕೂಡುತ್ತವೆ. ಕಪ್ಪು-ಬಿಳಿ ಮತ್ತು ಹಸಿರು ಆಫ್‌ನಲ್ಲಿ ಕೂಡುತ್ತವೆ.

ಇದರಿಂದ ಎರಡು ಮಾತು ತಿಳಿಯುತ್ತವೆ. ಎಸಿ ಗಾಡಿಯ ಚಾವಿ ಸ್ವಿಚ್ಚಿನ ಕಪ್ಲರ್ (ತಂತಿಗಳನ್ನು ಕೂಡಿಸುವ ಜೋಡಣೆ) ಕಳಚಿದರೆ ಗಾಡಿ ನಿಲ್ಲುವುದಿಲ್ಲ, ಚಾವಿ ಇಲ್ಲದೆಯೇ ಕಿಕ್ಕಿಗೆ ಚಾಲೂ ಆಗುತ್ತದೆ. ಚಾವಿ ತಿರುಗಿಸಿದರೂ ಎಂಜಿನ್ ಓಡುತ್ತಲೇ ಇದೆ ಎಂದರೆ ಕಪ್ಪು-ಬಿಳಿ ತಂತಿಯೋ ಹಸಿರು ಅರ್ತೋ ಎಲ್ಲೋ ತುಂಡಾಗಿದೆ. ಇದಕ್ಕೆ ಉಲ್ಟಾ, ಮಳೆಯಲ್ಲಿ ಸ್ವಿಚ್ಚಿನೊಳಗೆ ನೀರು ಇಳಿದು ಆ ಎರಡರ ನಡುವೆ ಹಾದಿ ಮಾಡಿಕೊಂಡರೆ ಚಾವಿ ಆನ್ ಇದ್ದರೂ ಕಿಡಿ ಬರುವುದಿಲ್ಲ. ಆಗ ಕಪ್ಪು-ಬಿಳಿ ತಂತಿಯ ಕನೆಕ್ಟರ್ ಮಾತ್ರ ಬಿಡಿಸಿ ಕಿಕ್ ಹೊಡೆಯಿರಿ. ಚಾಲೂ ಆದರೆ ತಪ್ಪು ಸ್ವಿಚ್ಚಿನದೇ, ಕಾಯಿಲ್ ಬದಲಿಸುವ ಖರ್ಚು ಉಳಿಯಿತು.

ಡಿಸಿ ಸಿಡಿಐ ಗಾಡಿಯಲ್ಲಿ ಬ್ಯಾಟರಿಯ 12 ವೋಲ್ಟು ಚಾವಿಯ ಮೂಲಕ ಸಿಡಿಐಗೆ ಹೋಗಬೇಕು. ಅಲ್ಲಿ ಕಪ್ಲರ್ ಕಳಚಿದರೆ ಎಲ್ಲವೂ ಸತ್ತಂತೆ. ಇಂಥ ಗಾಡಿಗೆ ವೋಲ್ಟ್ ಇಳಿತದ ಅಳತೆ ತೆಗೆಯಿರಿ. ಚಾವಿ ಆನ್ ಮಾಡಿ, ಬ್ರೇಕ್ ಲೈಟ್ ಉರಿಯುವಂತೆ ಪೆಡಲ್ ಒತ್ತಿ, ಬ್ಯಾಟರಿ ತುದಿಯಲ್ಲಿ ಎಷ್ಟು, ಸ್ವಿಚ್ ದಾಟಿದ ತಂತಿಯಲ್ಲಿ ಎಷ್ಟು ನೋಡಿ. ಅರ್ಧ ವೋಲ್ಟಿನೊಳಗೆ ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ. ಒಂದು ವೋಲ್ಟ್ ದಾಟಿತು ಎಂದರೆ ಒಳಗಿನ ತಾಮ್ರದ ಬಿಲ್ಲೆ ಕಪ್ಪಾಗಿದೆ. ಯಮಹಾ ವೈರಿಂಗಿನಲ್ಲಿ ಈ ಸ್ವಿಚ್ ದಾಟಿದ ತಂತಿ ಕಂದು, ಅರ್ತ್ ಕಪ್ಪು. ಹೋಂಡಾದಲ್ಲಿ ಕಪ್ಪು ಪಾಸಿಟಿವ್, ಯಮಹಾದಲ್ಲಿ ಕಪ್ಪು ಅರ್ತ್. ಒಂದರ ಸ್ವಿಚ್ ಇನ್ನೊಂದಕ್ಕೆ ಬಣ್ಣ ನೋಡಿ ಕೂಡಿಸಿದರೆ ಫ್ಯೂಸ್ ಹಾರುತ್ತದೆ, ಫ್ಯೂಸ್ ಬದಲು ತಂತಿ ಸುತ್ತಿದ್ದರೆ ವೈರಿಂಗೇ ಸುಡುತ್ತದೆ.

ಅಣ್ಣಿಗೇರಿ ಹಾದಿ:

ಭಾಳ ಉಪಕಾರ ಆತ್ರಿ. ಹ್ಯಾಂಡಲ್ ಪೂರ್ತಿ ಎಡಕ್ಕ ತಿರುಗಿಸಿದಾಗ ಹಾರ್ನ್, ಇಂಡಿಕೇಟರ್ ಎರಡೂ ಸಾಯ್ತಾವ, ನೆಟ್ಟಗ ಮಾಡಿದ್ರ ಬರ್ತಾವ. ಎಂಜಿನ್ ಮಾತ್ರ ಓಡ್ತಿರ್ತದ. ಇದೂ ಚಾವಿ ಸ್ವಿಚ್ಚಿನದ?

ನವನಗರ ತಂತಿ:

ಎಂಜಿನ್ ಓಡುತ್ತಿರುವುದರಿಂದ ನಿಮ್ಮದು ಎಸಿ ಗಾಡಿ ಎಂದು ಖಾತ್ರಿಯಾಯಿತು. ಸ್ವಿಚ್ ಅಲ್ಲ, ಸ್ವಿಚ್ಚಿನಿಂದ ಇಳಿದ ತಂತಿ. ಹ್ಯಾಂಡಲ್ ಕುತ್ತಿಗೆಯಲ್ಲಿ ತಂತಿಗಳ ಕಟ್ಟು ದಿನಕ್ಕೆ ನೂರಾರು ಸಲ ಮಡಚುತ್ತದೆ. ಹೊರಗಿನ ಪ್ಲಾಸ್ಟಿಕ್ ಹಾಗೇ ಇದ್ದು ಒಳಗಿನ ತಾಮ್ರ ಮಾತ್ರ ಹರಿದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಒಂದೊಂದೇ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಹರಿದ ತಂತಿ ರಬ್ಬರಿನಂತೆ ಉದ್ದವಾಗುತ್ತದೆ, ಗಟ್ಟಿ ಇರುವುದು ಆಗುವುದಿಲ್ಲ. ನಿಮ್ಮಲ್ಲಿ ಕೆಂಪು ಅಥವಾ ಕಪ್ಪು. ಹರಿದ ಜಾಗದ ಎರಡೂ ಬದಿ 2 ಸೆಂ.ಮೀ. ಕತ್ತರಿಸಿ, ಅದೇ ದಪ್ಪದ ಹೊಸ ತಂತಿ 6–7 ಸೆಂ.ಮೀ. ಸೇರಿಸಿ ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹಾಕಿ. ಬೆಸುಗೆಯ ಜಾಗ ಮಡಚುವ ಕಡೆ ಬರಬಾರದು, ಹೆಡ್‌ಲೈಟ್ ಡೂಮಿನೊಳಗೆ ಹೋಗಲಿ. ಮಡಚುವಲ್ಲಿ ಬೆಸುಗೆ ಇದ್ದರೆ ಎರಡು ತಿಂಗಳಲ್ಲಿ ಅದರ ಬುಡದಲ್ಲೇ ಮತ್ತೆ ಹರಿಯುತ್ತದೆ.

ಚಾವಿ ತೂತಿಗೆ ಎಂಜಿನ್ ಆಯಿಲ್, ಗ್ರೀಸ್ ಯಾವುದೂ ಬೇಡ. ನಮ್ಮ ಕಡೆಯ ಎರಿ ಮಣ್ಣಿನ ಧೂಳು ನುಣುಪು ಹಿಟ್ಟಿನ ಹಾಗೆ. ಆಯಿಲಿಗೆ ಕೂಡಿ ಒಳಗಿನ ಹಿತ್ತಾಳೆ ಎಲೆಗಳನ್ನು ಅಂಟಿಸಿಬಿಡುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಗಾಳಿ ಬಿಟ್ಟು, ಪೆನ್ಸಿಲ್ ಸೀಸದ ಪುಡಿಯನ್ನು ಚಾವಿಗೆ ಸವರಿ ಹತ್ತು ಸಲ ಆಡಿಸಿ. ಚಾವಿಗೆ ಮನೆ, ಅಂಗಡಿ, ಗೋಡೌನಿನ ಗೊಂಚಲು ಕಟ್ಟಬೇಡಿ. ಆ ಭಾರ ಒಂದೇ ಸಮ ಬಡಿಯುತ್ತ ಎಲೆ ಸವೆದರೆ ಆನ್ ಸ್ಥಾನದಲ್ಲೇ ಚಾವಿ ಕೈಗೆ ಬರುತ್ತದೆ.

ಹಾವೇರಿ ಎರಿಹೊಲ:

ಮುಚ್ಚಳದ ವಿಚಾರಕ್ಕೆ ಒಂದು ಸೇರ್ಪಡೆ. ಹೊಲದ ಬದುವಿನ ಮೇಲೆ ಗಾಡಿ ನಿಲ್ಲಿಸುವವರು ಇದನ್ನು ನೋಡಲೇಬೇಕು.

ಮುಚ್ಚಳ ಟ್ಯಾಂಕಿನೊಳಗೆ ಹುದುಗಿದ ಮಾದರಿಯಲ್ಲಿ ಸುತ್ತ ಒಂದು ತಗ್ಗು ಇರುತ್ತದೆ. ಆ ತಗ್ಗಿನಲ್ಲಿ ಬಟಾಣಿಗಿಂತ ಸಣ್ಣದೊಂದು ತೂತು. ಅದರಿಂದ ಮಳೆ ನೀರು ಒಂದು ಕೊಳವೆಯಲ್ಲಿ ಇಳಿದು ಎಂಜಿನ್ನಿನ ಹಿಂದೆ ನೆಲಕ್ಕೆ ಬೀಳಬೇಕು. ಬೇಸಿಗೆಯ ಧೂಳು ಕೂತು, ಮೊದಲ ಮಳೆಗೆ ಎರಿ ಮಣ್ಣು ಉಬ್ಬಿ ಆ ತೂತನ್ನು ಬೆಣೆ ಹೊಡೆದ ಹಾಗೆ ಕಟ್ಟಿಬಿಡುತ್ತದೆ. ನೀರು ತಗ್ಗಿನಲ್ಲಿ ನಿಲ್ಲುತ್ತದೆ, ಮುಚ್ಚಳದ ರಬ್ಬರ್ ಒಣಗಿದ್ದರೆ ಟ್ಯಾಂಕಿಗೆ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಹೋಗಿ ಕೂರುತ್ತದೆ. ಆನ್‌ನಲ್ಲಿ ಕೊಳವೆ ಎತ್ತರ ಇರುವುದರಿಂದ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ರಿಸರ್ವಿಗೆ ತಿರುಗಿಸಿದ ದಿನ ಆ ನೀರೆಲ್ಲ ಕಾರ್ಬುರೇಟರಿಗೆ. ರಿಸರ್ವಿನಲ್ಲಿ ಪೆಟ್ರೋಲು ಇದ್ದೂ ಗಾಡಿ ನಡೆಯದಿದ್ದರೆ ಮೊದಲ ಸಂಶಯ ನೀರಿನದು.

ಈಗ ಪಂಪಿನಲ್ಲಿ ಬರುವ ಪೆಟ್ರೋಲಿನಲ್ಲಿ 20 ಪ್ರತಿಶತ ಎಥನಾಲ್ ಇದೆ. ಎಥನಾಲ್ ನೀರನ್ನು ಹೀರುತ್ತದೆ, ಹೆಚ್ಚಾದರೆ ನೀರು ಸಮೇತ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಬಾಟಲಿಯಲ್ಲಿ ಹಿಡಿದು ಹತ್ತು ನಿಮಿಷ ಅಲುಗಿಸದೆ ಇಟ್ಟರೆ ನಡುವೆ ಗೆರೆ ಎಳೆದ ಹಾಗೆ ಎರಡು ಪದರ ಕಾಣುತ್ತವೆ. ಅಂಥ ಪೆಟ್ರೋಲನ್ನು ಅರ್ಧ ಮಾಡಿ ಉಳಿಸಲು ಹೋಗಬೇಡಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ.

ತಿಂಗಳಿಗೊಮ್ಮೆ ಹಳೆಯ ಕ್ಲಚ್ ಕೇಬಲಿನ ಒಂದು ಎಳೆಯನ್ನು ಮುಚ್ಚಳದ ತಗ್ಗಿನ ಆ ಸಣ್ಣ ತೂತಿನಲ್ಲಿ ಆಡಿಸಿ, ಮೇಲೆ ಅರ್ಧ ಲೋಟ ನೀರು ಹಾಕಿ ಕೆಳಗೆ ಬೀಳುತ್ತದೋ ನೋಡಿ. ಮುಚ್ಚಳ ಮುಚ್ಚಿರಲಿ.

ಉಣಕಲ್ ಪಾನಾ:

ಇದಕ್ಕ ಇನ್ನೊಂದು ಕೂಡಿಸ್ತೇನಿ. ಕೆಲವರು "ರಿಸರ್ವ್ ಬಿದ್ದಾಗ ನಡು ರಸ್ತ್ಯಾಗ ನಿಲ್ಲೂದು ಬ್ಯಾಡ" ಅಂತ ಕಾಯಂ ರಿಸರ್ವ್‌ದಾಗ ಇಟ್ಟು ಓಡಿಸ್ತಾರ. ಹಂಗ ಮಾಡಿದ್ರ ಎಂಜಿನ್ನಿಗೆ ಏನೂ ಆಗೂದಿಲ್ಲ, ಮೈಲೇಜೂ ಇಳಿಯೂದಿಲ್ಲ, ಅದ ಪೆಟ್ರೋಲ್. ಆದರ ಮುನ್ಸೂಚನೆ ಹೋತು. ಬಿದ್ದಾಗ ಪೂರ್ತಿ ಖಾಲಿ. ಪೆಟ್ರೋಲ್ ಹಾಕಿಸಿದ ಕೂಡಲೆ, ಪಂಪಿನ ಅಂಗಳದಾಗ, ಹಿಡಿಕಿ ಆನ್‌ಗೆ ತರೂದು ರೂಢಿ ಮಾಡ್ಕೋರಿ.

ರಿಸರ್ವೂ ಮುಗೀತು, ಪಂಪ್ ಇನ್ನೂ ಎರಡು ಕಿಲೋಮೀಟರ್ ಐತಿ ಅಂದ್ರ ಒಂದು ಉಪಾಯ ಐತಿ. ಟ್ಯಾಂಕ್ ಚಾಸಿ ಪೈಪಿನ ಮ್ಯಾಲೆ ಕುದುರಿ ಜೀನಿನಂಗ ಎರಡೂ ಕಡೆ ಇಳಿದಿರ್ತದ. ಕಾಕ್ ಎಡಕ್ಕ. ಬಲಗಡಿ ಹೊಟ್ಟ್ಯಾಗ ಒಂದಿಷ್ಟು ಪೆಟ್ರೋಲ್ ಉಳಿದಿರ್ತದ, ನಡುವಿನ ದಿಬ್ಬ ದಾಟಿ ಬರಾಕ ಆಗೂದಿಲ್ಲ. ಎಂಜಿನ್ ಬಂದ್ ಮಾಡಿ, ಗಾಡಿನ ಎಡಕ್ಕ, ಹ್ಯಾಂಡಲ್ ತುದಿ ನೆಲಕ್ಕ ಹತ್ತಿರ ಬರೂವಷ್ಟು ವಾಲಿಸಿ ಹತ್ತು ಎಣಿಸ್ರಿ. ಎಡಕ್ಕ ಹರಿದು ಬರ್ತದ. ಒಬ್ಬರ ಇದ್ರ ಬಿಸಿ ಸೈಲೆನ್ಸರ್ ಕಡೆ ಕಾಲು ಇಡಬ್ಯಾಡ್ರಿ.

ರಾಣೆಬೆನ್ನೂರು ಟು-ಸ್ಟ್ರೋಕ್:

ರಾತ್ರಿ ಕಾಕ್ ಬಂದ್ ಮಾಡುವ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಅಭಿಪ್ರಾಯ ಖಡಕ್: ಒಂದು ತಾಸಿಗಿಂತ ಹೆಚ್ಚು ನಿಲ್ಲಿಸಿದರೆ ಬಂದ್ ಮಾಡಿ. ಆರ್‌ಎಕ್ಸ್100ರಂಥ ಟು-ಸ್ಟ್ರೋಕಿಗೆ ಇದು ಕಡ್ಡಾಯ. ಬಟ್ಟಲು ತುಂಬಿದಾಗ ಪೆಟ್ರೋಲು ತಡೆಯುವ ಕಾರ್ಬುರೇಟರಿನ ಸೂಜಿ ಸ್ವಲ್ಪ ಸೋರಿದರೂ ಪೆಟ್ರೋಲು ನೇರ ಕ್ರ್ಯಾಂಕ್ ಕೋಣೆಗೆ ಇಳಿಯುತ್ತದೆ, ಬೆಳಿಗ್ಗೆ ಪ್ಲಗ್ ನೆನೆದು ತೊಯ್ದು ತೊಪ್ಪೆಯಾಗಿರುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಗಾಡಿಯಲ್ಲಿ ಇನ್ನೊಂದು ಕಾರಣವೂ ಇದೆ. ವಾರಗಟ್ಟಲೆ ನಿಂತಾಗ ಬಟ್ಟಲಿನ ಪೆಟ್ರೋಲು ಆರಿ ಆಯಿಲ್ ಮಾತ್ರ ಜೆಟ್ ಎಂಬ ಕಾರ್ಬುರೇಟರಿನ ಸಣ್ಣ ತೂತಿನಲ್ಲಿ ಅಂಟಾಗಿ ಉಳಿಯುತ್ತದೆ. ಹೆಚ್ಚು ದಿನ ನಿಲ್ಲಿಸುವುದಿದ್ದರೆ ಎಂಜಿನ್ ಓಡುತ್ತಿರುವಾಗಲೇ ಕಾಕ್ ಬಂದ್ ಮಾಡಿ, ಬಟ್ಟಲು ಖಾಲಿಯಾಗಿ ತಾನಾಗಿ ನಿಲ್ಲಲಿ.

ಹಳೆಯ ಇಟಲಿ ಮೂಲದ ವೆಸ್ಪಾ ಸ್ಕೂಟರುಗಳ ಕಾಕಿನ ಮೇಲೆ 'ಎ', 'ಆರ್', 'ಸಿ' ಎಂದು ಇರುತ್ತದೆ. ಅಪೆರ್ತೊ ಅಂದರೆ ತೆರೆದದ್ದು, ರಿಸೆರ್ವ, ಕಿಯೂಸೊ ಅಂದರೆ ಮುಚ್ಚಿದ್ದು. 'ಸಿ' ನೋಡಿ ಚೋಕ್ ಎಂದು ತಿಳಿದು ಎಳೆಯುವವರು ಈಗಲೂ ಇದ್ದಾರೆ.

ಗದಗ ಬಿಸಿಲು:

ಫೋರ್-ಸ್ಟ್ರೋಕಿಗೆ ಪ್ರತಿ ಸಲ ಬಂದ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ದಿನಕ್ಕೆ ಹತ್ತು ಕಡೆ ನಿಲ್ಲಿಸುವ ಗಾಡಿಯಲ್ಲಿ ಹತ್ತು ಸಲ ತಿರುಗಿಸಿದರೆ ಕಾಕಿನೊಳಗಿನ ನಾಲ್ಕು ತೂತಿನ ರಬ್ಬರ್ ಬೇಗ ಸವೆದು ಹಿಡಿಕೆಯ ಬುಡದಿಂದಲೇ ಜಿನುಗುತ್ತದೆ. ಸೂಜಿ ಸರಿ ಇದ್ದರೆ ಪೆಟ್ರೋಲು ಮುಂದೆ ಹೋಗುವುದೇ ಇಲ್ಲ.

ಉಣಕಲ್ ಪಾನಾ:

'ಸೂಜಿ ಸರಿ ಇದ್ದರೆ' ಅನ್ನೂದರಾಗ ಎಲ್ಲಾ ಐತಲ್ರಿ. ಹಳೆ ಗಾಡ್ಯಾಗ ಸರಿ ಇಲ್ಲ ಅಂತನ ತಿಳಕೊಂಡು ನಡೀಬೇಕು. ಅದು ಬಂದ್ ಆಗಲಿಲ್ಲ ಅಂದ್ರ ಹೆಚ್ಚಾದ ಪೆಟ್ರೋಲ್ ಬಟ್ಟಲಿನ ತಳದ ಪೈಪಿನಿಂದ ನೆಲಕ್ಕ ಬೀಳಬೇಕು, ವಾಸನಿ ಬಂದು ಗೊತ್ತಾಗ್ತದ. ಆ ಪೈಪ್ ಮಣ್ಣು ಕಟ್ಟಿದ್ರ? ಎಂಜಿನ್ ಒಳಗ ಹೋಗ್ತದ. ಪಿಸ್ಟನ್ ರಿಂಗ್ ದಾಟಿ ಕೆಳಗ ಇಳದು ಆಯಿಲಿಗೆ ಕೂಡ್ತದ. ಆಯಿಲ್ ತೆಳ್ಳಗಾಗಿ ಬೇರಿಂಗ್, ಕ್ಯಾಮ್ ತಿಂತದ. ಈ ಗಾಡ್ಯಾಗ ಆಯಿಲ್ ಇರೂದ ಒಂದು ಲೀಟರಿನ ಆಜುಬಾಜು, ಒಂದು ಕಪ್ ಪೆಟ್ರೋಲ್ ಕೂಡಿದ್ರೂ ಕೆಟ್ಟು ಹೋಗ್ತದ.

ನೋಡೂದು ಹಿಂಗ. ನಡುವಿನ ಸ್ಟ್ಯಾಂಡ್ ಮ್ಯಾಲೆ ನಿಲ್ಲಿಸಿ ಆಯಿಲ್ ಗೇಜ್ ತಗದು ಒರಸ್ರಿ. ಹೋಂಡಾ ಮಾದರಿಯಾಗ ತಿರುಗಿಸದ ಬರೇ ಇಟ್ಟು ತಗೀಬೇಕು. ಹಾಕಿದ ಆಯಿಲಿಗಿಂತ ಮಟ್ಟ ಏರೇದ, ಮೂಗಿಗೆ ಪೆಟ್ರೋಲ್ ಬಡೀತದ, ಬೆರಳಾಗ ನೀರಿನಂಗ ಹರೀತದ ಅಂದ್ರ ಗಾಡಿ ಚಾಲೂ ಮಾಡಬ್ಯಾಡ್ರಿ. ಆಯಿಲ್ ಬದಲಿಸಿ, ಸೂಜಿ ಮತ್ತು ಅದರ ಕುರ್ಚಿ (ಸೂಜಿ ತುದಿ ಕೂಡೂ ಜಾಗ) ಬದಲಿಸಿ ಆಮ್ಯಾಲೆ.

ಕಿಕ್ ಅರ್ಧಕ್ಕ ಕಲ್ಲಿನಂಗ ನಿಂತ್ರ ಜೋರು ಮಾಡಿ ಹೊಡೀಬ್ಯಾಡ್ರಿ. ಸಿಲಿಂಡರ್ ತುಂಬ ಪೆಟ್ರೋಲ್ ನಿಂತಿರಬಹುದು, ಕನೆಕ್ಟಿಂಗ್ ರಾಡ್ ಬಾಗ್ತದ. ಕಾಕ್ ಬಂದ್, ಚಾವಿ ಆಫ್, ಪ್ಲಗ್ ಬಿಚ್ಚಿ ಅದರ ಟೋಪಿ ದೂರ ಸರಿಸಿ, ಕಿಕ್ಕನ್ನ ಕೈಯಿಂದ ಮೆಲ್ಲಕ ಒತ್ರಿ. ಪ್ಲಗ್ ತೂತಿನಿಂದ ಪೆಟ್ರೋಲ್ ಚಿಮ್ಮತದ, ಮಾರಿ ದೂರ ಇಟ್ಕೋರಿ.

ಬಿಸಿಲು ಅವರು ಹೇಳಿದ ಸವೆತ ಖರೆ. ಆದರ ಆ ರಬ್ಬರ್ ಮತ್ತ ಎಂಜಿನ್ನಿನ ಬೆಲಿ ತೂಗಿ ನೋಡ್ರಿ. ಚಾ ಕುಡಿಯೂ ಹೊತ್ತಿಗೆ ಬಂದ್ ಮಾಡೂದು ಬ್ಯಾಡ. ರಾತ್ರಿ, ಟೆಂಪೋದಾಗ ಗಾಡಿ ಏರಿಸುವಾಗ, ಸೈಡ್ ಸ್ಟ್ಯಾಂಡ್ ಮ್ಯಾಲೆ ಇಳಿಜಾರಿನಾಗ ಬಿಡುವಾಗ ಮಾಡ್ರಿ.

ಗದಗ ಬಿಸಿಲು:

ರಾತ್ರಿ, ಟೆಂಪೋ, ಇಳಿಜಾರು. ಅಲ್ಲಿಗೆ ಒಪ್ಪಿದೆ.

ಸಪ್ತಾಪುರ ಇಳಿಜಾರು:

ಹಿಡಿಕೆಯಲ್ಲಿ ಆಫ್ ಇಲ್ಲದ ಕಾಕೂ ಇದೆ, ಹೆಸರು ಬಾರದೆ ಹೋದರೆ ಓದುವವರಿಗೆ ಗೊಂದಲ. ಅದು ನಿರ್ವಾತದ ಕಾಕ್. ಎಂಜಿನ್ನಿನ ಹೀರುವ ಕೊಳವೆಯಿಂದ ಒಂದು ಸಣ್ಣ ಪೈಪು ಕಾಕಿನ ರಬ್ಬರ್ ಪರದೆಗೆ ಬರುತ್ತದೆ. ಎಂಜಿನ್ ತಿರುಗಿದಾಗ ಹೀರುವಿಕೆಗೆ ಪರದೆ ಸರಿದು ಹಾದಿ ತೆರೆಯುತ್ತದೆ, ನಿಂತಾಗ ಸ್ಪ್ರಿಂಗ್ ಮುಚ್ಚುತ್ತದೆ. ಕಾರ್ಬುರೇಟರ್ ಕಾಲದ ಆಕ್ಟಿವಾದಂಥ ಸ್ಕೂಟರುಗಳಿಗೆ ಹಿಡಿಕೆಯೇ ಇಲ್ಲದೆ ಇದೇ ವ್ಯವಸ್ಥೆ. ಹಿಡಿಕೆ ಇರುವ ಗಾಡಿಯಲ್ಲಿ 'ಪ್ರೈ' ಎಂದು ಒಂದು ಸ್ಥಾನ ಇರುತ್ತದೆ, ಅದು ಪರದೆಯನ್ನು ಬದಿಗಿಟ್ಟು ನೇರ ಬಿಡುವ ಹಾದಿ, ಪೂರ್ತಿ ಖಾಲಿಯಾದ ಬಟ್ಟಲು ತುಂಬಿಸಲು ಮಾತ್ರ. ಅರ್ಧ ನಿಮಿಷದಲ್ಲಿ ಆನ್‌ಗೆ ತನ್ನಿ, ಮರೆತರೆ ಕಾಕ್ ಇಲ್ಲದ ಹಾಗೆಯೇ. ಪರದೆ ಹರಿದರೆ ಪೆಟ್ರೋಲು ಸಣ್ಣ ಪೈಪಿನಿಂದ ಎಂಜಿನ್ನಿಗೆ ಹೋಗಿ ಕರಿ ಹೊಗೆ ಬರುತ್ತದೆ. ಸಣ್ಣ ಪೈಪನ್ನು ಎಂಜಿನ್ ಕಡೆಯಿಂದ ಕಳಚಿ ನೋಡಿ, ಒಳಗೆ ಒದ್ದೆಯಾಗಿದ್ದರೆ ಪರದೆ ಹೋಗಿದೆ.

2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲಿನ ಬಹುತೇಕ ಗಾಡಿಗಳಲ್ಲಿ ಪಂಪು ಟ್ಯಾಂಕಿನೊಳಗೆ, ಕಾಕ್ ಇಲ್ಲ. ಪಾನಾ ಅವರ ಮೂರು ಬಂದ್ ಇಲ್ಲಿ ಒಂದೇ ಕಡೆ ಬಂದು ಸೇರುತ್ತವೆ, ಚಾವಿ ತೆಗೆದರೆ ಪೆಟ್ರೋಲೂ ಬಂದ್. ಚಾವಿ ಆನ್ ಮಾಡಿದಾಗ 'ಜುಂಯ್' ಎಂದು ಎರಡು ಮೂರು ಸೆಕೆಂಡು ಸದ್ದು ಕೇಳಬೇಕು. ಆ ಸದ್ದು ನಿಂತ ಮೇಲೆ ಸೆಲ್ಫ್ ಒತ್ತಿ. ಸದ್ದೇ ಇಲ್ಲದಿದ್ದರೆ ಮೊದಲು ಕೆಂಪು ಕಿಲ್ ಸ್ವಿಚ್ ನೋಡಿ. ಕಿಲ್ ಸ್ವಿಚ್ಚಿನಿಂದ ನಿಲ್ಲಿಸಿ ಚಾವಿ ಆನ್‌ನಲ್ಲೇ ಬಿಟ್ಟರೆ ಮೀಟರು, ಟೇಲ್ ಲೈಟು, ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ಕೂಡ ಬ್ಯಾಟರಿ ತಿನ್ನುತ್ತಲೇ ಇರುತ್ತವೆ. 2017ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ, ನೆನಪಿರಲಿ. ಗಾಡಿ ಬಿದ್ದಾಗ ವಾಲು ಸೆನ್ಸಾರ್ ಪಂಪು ನಿಲ್ಲಿಸುತ್ತದೆ, ಎತ್ತಿ ನಿಲ್ಲಿಸಿ ಚಾವಿ ಆಫ್ ಮಾಡಿ ಮತ್ತೆ ಆನ್ ಮಾಡಿದರೇ ಚಾಲೂ. ಪೆಟ್ರೋಲ್ ದೀಪ ಮಿಣುಕುವುದೇ ಇಲ್ಲಿನ ರಿಸರ್ವ್. ಅದರ ಮೇಲೆ ದಿನಗಟ್ಟಲೆ ಓಡಿಸಬೇಡಿ, ಪಂಪಿಗೆ ತಂಪು ಕೊಡುವುದೂ ಆ ಪೆಟ್ರೋಲೇ.

ಅಣ್ಣಿಗೇರಿ ಹಾದಿ:

ಅಳತಿ ತಗದೆ. ನಿಮಿಷಕ್ಕ ಆನ್, ಮುಚ್ಚಳ ಹಾಕಿ 12 ಮಿ.ಲೀ. ಮುಚ್ಚಳ ತಗದು 12. ರಿಸರ್ವ್ ಎರಡೂ ಸಲ 190ರ ಸನೇಕ. ಆಫ್‌ದಾಗ ಎಂಟು ಸೆಕೆಂಡಿಗೆ ಒಂದು ಹನಿ. ಆಯಿಲ್ ಮಟ್ಟ ಸರಿ ಐತಿ, ವಾಸನಿ ಇಲ್ಲ. ಬಾಟ್ಲ್ಯಾಗ ತಳಕ್ಕ ಕೆಂಪು ಪುಡಿ ಕುಂತದ, ಪದರ ಇಲ್ಲ.

ಗದಗ ಬಿಸಿಲು:

ಬೇಕಾದದ್ದು 17, ಬರುವುದು 12. ಆನ್ ಕೊಳವೆಯ ಜಾಲರಿ ಕಟ್ಟಿದೆ, ಮುಚ್ಚಳ ನಿರ್ದೋಷಿ. ಕೆಂಪು ಪುಡಿ ಟ್ಯಾಂಕಿನ ತುಕ್ಕು.

ಉಣಕಲ್ ಪಾನಾ:

ಆಫ್‌ದಾಗ ಹನಿ ಬಂತಂದ್ರ ನಾಕು ತೂತಿನ ರಬ್ಬರೂ ಹೋಗೇದ. ಹೆಂಗೂ ಬಿಚ್ಚಬೇಕು, ಎರಡೂ ಒಂದ ಸಲ ಮುಗಿಸ್ರಿ.

ರಿಸರ್ವ್‌ದಾಗ ಇಟ್ಟು ಟ್ಯಾಂಕ್ ಡಬ್ಬಿಗೆ ಖಾಲಿ ಮಾಡ್ರಿ. ಬ್ಯಾಟರಿ ಮೈನಸ್ ತಗೀರಿ. ಕೆಲವು ಕಾಕ್ ಎರಡು ಬೋಲ್ಟಿನ ಮ್ಯಾಲೆ ಇರ್ತಾವ, ಕೆಲವು ಒಂದ ದೊಡ್ಡ ನಟ್. ಕಾಕನ್ನ ನೆಟ್ಟಗ ಕೆಳಗ ಎಳೀರಿ, ಅಡ್ಡ ಎಳದ್ರ ಜಾಲರಿ ಹರೀತದ, ಕೊಳವಿ ಬಾಗ್ತದ. ಜಾಲರಿ ಮ್ಯಾಲೆ ತುಕ್ಕು ಮೆತ್ತಿದ್ದು ಪೆಟ್ರೋಲಿನಾಗ ಹಳೆ ಹಲ್ಲುಜ್ಜೂ ಬ್ರಶ್ ಅದ್ದಿ ತಿಕ್ರಿ, ಹರಿದಿದ್ರ ಹೊಸಾದು. ಕೊಳವಿ ಬುಡ ಬೆರಳಿನಿಂದ ಅಲುಗಿಸಿ ನೋಡ್ರಿ. ಅಲ್ಲಿ ಸೀಳು ಬಿಟ್ಟಿದ್ರ ಆನ್ ಹಾದಿ ತಳದಿಂದನ ಹೀರ್ತದ, ಆಗ ರಿಸರ್ವ್ ಅನ್ನೂದ ಉಳಿಯೂದಿಲ್ಲ.

ಹಿಡಿಕಿ ತಟ್ಟಿಯ ಎರಡು ಸಣ್ಣ ಸ್ಕ್ರೂ ತಗದ್ರ ಅಲೆಅಲೆ ವಾಶರ್, ಹಿಡಿಕಿ, ಅದರ ಹಿಂದ ರಬ್ಬರ್ ಸಿಗ್ತಾವ. ಬರೂ ಸಾಲಿನಾಗ ಫೋಟೋ ತಗೀರಿ. ಹೊಸ ರಬ್ಬರ್ ತಗೋವಾಗ ಎಥನಾಲ್ ತಾಳೂ ವಿಟಾನ್ ಅಂತ ಕೇಳ್ರಿ, ಸಾದಾ ರಬ್ಬರ್ ಉಬ್ಬಿ ಹಿಡಿಕಿ ತಿರುಗೂದ ಬಿಡ್ತದ. ರಬ್ಬರ್ ಕೂಡೂ ಮುಖದ ಮ್ಯಾಲೆ ಗೀರು ಇದ್ರ ಗಾಜಿನ ಮ್ಯಾಲೆ 800 ನಂಬರಿನ ನೀರು ಕಾಗದ ಇಟ್ಟು ಎಂಟರ ಆಕಾರದಾಗ ತಿಕ್ಕಿ ಸಪಾಟ ಮಾಡ್ರಿ. ರಬ್ಬರಿನ ತೂತು ಮೈಯ ತೂತಿಗೆ ಸರಿಯಾಗಿ ಕುಂತದ ಇಲ್ಲೋ ನೋಡಿ ಆಮ್ಯಾಲೆ ಸ್ಕ್ರೂ. ಸ್ಕ್ರೂ ಎರಡನ್ನೂ ಅರ್ಧರ್ಧ ಸುತ್ತು ಪಾಳಿ ಮ್ಯಾಲೆ ಬಿಗೀರಿ, ಒಂದ ಕಡೆ ಪೂರ್ತಿ ಬಿಗದ್ರ ಇನ್ನೊಂದು ಕಡೆಯಿಂದ ಜಿನುಗ್ತದ.

ಟ್ಯಾಂಕಿನ ತುಕ್ಕು ತಗೀದ ಕಾಕ್ ಹಾಕಿದ್ರ ಒಂದು ತಿಂಗಳಿಗೆ ಮತ್ತ ಇದ ಕಥಿ. ಟ್ಯಾಂಕ್ ಇಳಿಸಿ, ಒಂದು ಹಿಡಿ ಸಣ್ಣ ನಟ್ ಎಣಿಸಿ ಒಳಗ ಹಾಕಿ, ಅರ್ಧ ಲೀಟರ್ ಪೆಟ್ರೋಲ್ ಕೂಡಿಸಿ ಐದು ನಿಮಿಷ ಅಲುಗಾಡಿಸಿ ಸುರೀರಿ. ಕೆಂಪು ನಿಲ್ಲೂತನಕ. ನಟ್ ಎಣಿಸಿ ವಾಪಸ್ ತಗೋರಿ.

ಎಲ್ಲಾ ಕೂಡಿಸಿದ ಮ್ಯಾಲೆ ಅರ್ಧ ಲೀಟರ್ ಮಾತ್ರ ಹಾಕಿ, ಆಫ್‌ದಾಗ ಕೆಳಗ ಬಿಳಿ ಕಾಗದ ಹಾಸಿ ಒಂದು ತಾಸು ಬಿಡ್ರಿ. ಕಾಗದದ ಮ್ಯಾಲೆ ಹನಿ ಬಿದ್ದಿರದಿದ್ರ ಪೂರ್ತಿ ತುಂಬಿಸ್ರಿ.

ಅಣ್ಣಿಗೇರಿ ಹಾದಿ:

ಅರ್ಧ ಲೀಟರ್ ಹಾಕಿದಾಗ ಆನ್‌ದಾಗ ಏನೂ ಬರದಿದ್ರ ಮತ್ತ ಕಟ್ಟೇದ ಅಂತ ತಿಳೀಬೇಕೋ?

ಉಣಕಲ್ ಪಾನಾ:

ಇಲ್ರಿ, ಬರಬಾರದು. ಅರ್ಧ ಲೀಟರ್ ಕೊಳವಿ ತುದಿಗೆ ಮುಟ್ಟೂದಿಲ್ಲ. ರಿಸರ್ವ್‌ದಾಗ ಬರಬೇಕು, ಆನ್‌ದಾಗ ಬರಬಾರದು, ಆಫ್‌ದಾಗ ಹನಿ ಬೀಳಬಾರದು. ಆಗ ಪಾವ್ ಪಾವ್ ಲೀಟರ್ ಹಾಕುತ್ತ ಹೋಗ್ರಿ. ಆನ್‌ದಾಗ ಧಾರಿ ಸುರು ಆದ ಅಳತಿನ ನಿಮ್ಮ ಗಾಡಿಯ ಖರೆ ರಿಸರ್ವ್, ಅದನ್ನ ಮುಚ್ಚಳದ ಒಳಗ ಪೇಂಟಿನಿಂದ ಬರದು ಇಡ್ರಿ.